ಹಠವೆಂದು ಕರೆಯುವ ಮುನ್ನ



ನಮ್ಮ ಮನೆಗಳಲ್ಲಿ ಮಕ್ಕಳ ಬಗ್ಗೆ ಅತ್ಯಂತ ಸುಲಭವಾಗಿ ಹೊರಬೀಳುವ ತೀರ್ಪೆಂದರೆ 'ಹಠಮಾರಿ' ಎಂಬುದು. ಕುಕ್ಕರಿನ ಸೀಟಿ ಕೇಳಿದೊಡನೆ ಕಿವಿ ಮುಚ್ಚಿಕೊಂಡು ಚೀರುವ, ಈದ್‌ನ ಹೊಸ ಶೇರ್ವಾನಿಯನ್ನು ಕಿತ್ತೆಸೆಯುವ, ಬಿಳಿ ಅನ್ನದ ಹೊರತು ಬೇರೇನನ್ನೂ ಬಾಯಿಗಿಡದ ಮೂರು ವರ್ಷದ ಮಗುವಿಗೆ ಈ ಬಿರುದು ತಪ್ಪುವುದಿಲ್ಲ. ತೀರ್ಪಿನ ಹಿಂದೆಯೇ ಶಿಕ್ಷೆ ಬರುತ್ತದೆ. ಮಗುವಿಗೆ ಏಟು, ತಾಯಿಗೆ 'ಮಗುವನ್ನು ಬೆಳೆಸಲು ಬರುವುದಿಲ್ಲ' ಎಂಬ ನಿಂದೆ.

ಮಗುವಿಗೆ ಆಟಿಸಂ ಇದ್ದರೆ ಈ ತೀರ್ಪು ಬಹುಮಟ್ಟಿಗೆ ತಪ್ಪಾಗಿರುತ್ತದೆ. ನಾವು ಹಠವೆಂದು ಕರೆಯುವುದು ಅನೇಕ ವೇಳೆ ಆ ಪುಟ್ಟ ದೇಹ ಸಲ್ಲಿಸುತ್ತಿರುವ ನೋವಿನ ವರದಿ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಪರಿಶೀಲಿಸಿ ಆಟಿಸಂನ ಲಕ್ಷಣಗಳನ್ನು ವಿವರಿಸಿದರು. ಸದ್ದು ಮಾಡುವ ಯಂತ್ರಗಳಿಗೆ ಈ ಮಕ್ಕಳು ಬೆದರುತ್ತಿದ್ದುದನ್ನು ಅವರು ಅಂದೇ ಬರೆದಿಟ್ಟಿದ್ದರು. ಆದರೆ ಇಂದ್ರಿಯಾನುಭವದ ಈ ವೈಪರೀತ್ಯವು ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಆಟಿಸಂನ ಲಕ್ಷಣವಾಗಿ ಸ್ಥಾನ ಪಡೆದದ್ದು 2013ರಲ್ಲಿ, ಎಪ್ಪತ್ತು ವರ್ಷಗಳ ನಂತರ. ಈ ನಡುವೆ ತಾಯಿಯ ಪ್ರೀತಿಯ ಕೊರತೆಯೇ ಆಟಿಸಂಗೆ ಕಾರಣವೆಂಬ ವಾದವನ್ನು ವಿದ್ವಾಂಸರೇ ಹರಡಿದರು. ಅದು ಸುಳ್ಳೆಂದು ಸಾಬೀತಾಗಿದೆ. ಆದರೂ ಅದೇ ಆರೋಪವನ್ನು ನಮ್ಮ ಮೊಹಲ್ಲಾಗಳ ತಾಯಂದಿರು ಇಂದಿಗೂ ಹೊರುತ್ತಿದ್ದಾರೆ.

ವಸ್ತುತಃ ನಡೆಯುವುದೇನು? ಕಣ್ಣು, ಕಿವಿ, ಚರ್ಮಗಳು ತರುವ ಸುದ್ದಿಗಳಲ್ಲಿ ಬೇಕಾದುದನ್ನು ಉಳಿಸಿಕೊಂಡು ಬೇಡದ್ದನ್ನು ಹಿಂದೆ ಸರಿಸುವುದು ಮೆದುಳಿನ ಕೆಲಸ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಜರಡಿ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ಕೆಲವರಿಗೆ ಅಂಗಿಯ ಕಾಲರಿನ ಚೀಟಿಯೂ ಮುಳ್ಳಾಗುತ್ತದೆ. ಇನ್ನು ಕೆಲವರು ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ, ಬಿದ್ದು ಗಾಯವಾದರೂ ಅಳುವುದಿಲ್ಲ. ಮತ್ತೆ ಕೆಲವರು ಗಿರಗಿರನೆ ಸುತ್ತುತ್ತಾ, ಜಿಗಿಯುತ್ತಾ ಆ ಅನುಭವವನ್ನೇ ಹುಡುಕುತ್ತಾರೆ. ಒಂದೇ ಮಗುವಿನಲ್ಲಿ ಈ ಮೂರೂ ಇರಬಹುದು.

ಇದರೊಂದಿಗೆ ಪ್ರತಿ ಮಗುವಿಗೂ ಹುಟ್ಟಿನಿಂದ ಬಂದ ಸ್ವಭಾವವೊಂದಿದೆ. 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿಗಳು ಶಿಶುಗಳ ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿ ಸ್ವಭಾವದ ಒಂಬತ್ತು ಗುಣಗಳನ್ನು ಗುರುತಿಸಿದರು. ಕೆಲವು ಮಕ್ಕಳು ಹೊಸದಕ್ಕೆ ಬೇಗ ಒಗ್ಗುತ್ತಾರೆ, ಕೆಲವರಿಗೆ ಸಮಯ ಬೇಕು. ಮಗುವಿನ ಸ್ವಭಾವಕ್ಕೂ ಅದರ ಮನೆಯ ನಿರೀಕ್ಷೆಗೂ ಹೊಂದಾಣಿಕೆ ಇದೆಯೇ ಎಂಬುದೇ ಮುಖ್ಯವೆಂದು ಅವರು ಹೇಳಿದರು. ಆಟಿಸಂ ಇರುವ ಮಗುವಿನ ವಿಷಯದಲ್ಲಿ ಈ ಮಾತಿನ ತೂಕ ಇಮ್ಮಡಿಯಾಗುತ್ತದೆ. ನಿಧಾನ ಸ್ವಭಾವದ ಮಗುವಿಗೆ ಸಮಯ ಕೊಡಬೇಕು. ಕಿವಿ ನೋಯುವ ಮಗುವಿಗೆ ನಿಶ್ಶಬ್ದ ಕೊಡಬೇಕು. ಎರಡೂ ಇರುವ ಮಗುವಿಗೆ ಎರಡನ್ನೂ ಕೊಡಬೇಕು.

ಹಾಗಾದರೆ ಹಠವನ್ನೂ ನೋವನ್ನೂ ಬೇರ್ಪಡಿಸುವುದು ಹೇಗೆ? ಹಠಕ್ಕೆ ಸಾಮಾನ್ಯವಾಗಿ ಒಂದು ಗುರಿಯಿರುತ್ತದೆ. ಕೇಳಿದ್ದು ಸಿಕ್ಕರೆ ಅದು ನಿಲ್ಲುತ್ತದೆ. ಇಂದ್ರಿಯಗಳ ಹೊರೆ ತಾಳಲಾಗದೆ ಬರುವ ಅಳು ಮಿಠಾಯಿ ಕೊಟ್ಟರೂ ನಿಲ್ಲದು. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಅಳು ಯಾವಾಗ ಬಂತು, ಎಲ್ಲಿ, ಅದಕ್ಕೆ ಮುನ್ನ ಯಾವ ಸದ್ದು, ಯಾವ ವಾಸನೆ, ಯಾವ ಬಟ್ಟೆ ಇತ್ತು? ಕಾರಣ ಕಂಡ ಮೇಲೆ ಪರಿಹಾರ ಅನೇಕ ವೇಳೆ ಸರಳ. ಚೀಟಿ ಕತ್ತರಿಸಿ, ಹೊಸ ಬಟ್ಟೆಯನ್ನು ನಾಲ್ಕು ಬಾರಿ ಒಗೆದು ತೊಡಿಸಿ, ಮಿಕ್ಸಿ ಹಾಕುವ ಮುನ್ನ ತಿಳಿಸಿ. ಮದುವೆ ಮಂಟಪಕ್ಕೆ ಜನ ಸೇರುವ ಮೊದಲೇ ಹೋಗಿ ಬೇಗ ಹಿಂದಿರುಗಿ. ವಿಜಯದಶಮಿಯಂದು ಕುಶಾಲತೋಪು ಹಾರುವ, ಹಬ್ಬಗಳಲ್ಲಿ ಪಟಾಕಿ ಸಿಡಿಯುವ ಈ ಊರಿನಲ್ಲಿ ಕಿವಿ ಮುಚ್ಚುವ ಸಾಧನವೊಂದು ಮನೆಯಲ್ಲಿರಲಿ.

ಆದರೆ ಸದ್ದಿಗೆ ಬೆದರುವ ಮಕ್ಕಳೆಲ್ಲರಿಗೂ ಆಟಿಸಂ ಇರುವುದಿಲ್ಲ. ಮಾತು ತಡವಾಗುವುದು, ಹೆಸರಿಗೆ ಓಗೊಡದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು ಜೊತೆಗೂಡಿದ್ದರೆ ತಜ್ಞರನ್ನು ಕಾಣಲೇಬೇಕು. ಇದನ್ನು ನಝರ್ ಎಂದೋ ಜಿನ್ನ್ ಎಂದೋ ಬಗೆದು ತಾಯಿತ ಕಟ್ಟಿಸುತ್ತಾ ಮಗುವಿನ ಅಮೂಲ್ಯ ವರ್ಷಗಳನ್ನು ಕಳೆದವರು ನಮ್ಮಲ್ಲಿದ್ದಾರೆ. ದುಆ ಮಾಡೋಣ, ಆದರೆ ವೈದ್ಯರ ಬಾಗಿಲನ್ನೂ ತಟ್ಟೋಣ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಹೆಸರಿಗೆ ತಿರುಗದ ಮಗು ಕಿವುಡೇ ಎಂಬ ಸಂಶಯಕ್ಕೆ ಶ್ರವಣ ಪರೀಕ್ಷೆಯಿಂದ ಅಲ್ಲಿ ಉತ್ತರ ಸಿಗುತ್ತದೆ. ಮಾತಿನ ತರಬೇತಿಯೂ ದೊರೆಯುತ್ತದೆ. ದೇಶದ ನಾನಾ ಭಾಗಗಳಿಂದ ಜನರು ಬರುವ ಈ ಸಂಸ್ಥೆಗೆ ಉದಯಗಿರಿಯಿಂದ, ಮಂಡಿ ಮೊಹಲ್ಲಾದಿಂದ ಹೋಗಲು ಒಂದು ಆಟೋ ಸಾಕು.

ಕಾನೂನೂ ನಮ್ಮ ಕೈಯಲ್ಲಿದೆ. 1995ರ ಕಾಯ್ದೆ ಹೆಸರಿಸಿದ ಏಳು ವಿಕಲತೆಗಳಲ್ಲಿ ಆಟಿಸಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21ರಲ್ಲಿ ಅದು ಸೇರಿದೆ. ವಿಕಲತೆಯು ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಿತವಾದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರಮಾಣಪತ್ರ ಪಡೆಯುವುದು ಅವಮಾನವೆಂದು ಭಾವಿಸಿ ಈ ಹಕ್ಕನ್ನು ಬಿಟ್ಟುಕೊಡುವುದು ಸರಿಯೇ?

ಕೊನೆಯದಾಗಿ, ಹೊಣೆ ತಂದೆತಾಯಿಯರದು ಮಾತ್ರವಲ್ಲ. ನಮಾಝ್‌ನ ನಡುವೆ ಮಗುವಿನ ಅಳು ಕೇಳಿದರೆ ಅದರ ತಾಯಿಯ ತಳಮಳವನ್ನು ನೆನೆದು ಪ್ರವಾದಿ(ಸ)ಯವರು ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರು. ಅವರ ಅನುಯಾಯಿಗಳಾದ ನಾವು ಅಳುವ ಮಗುವಿನ ತಾಯಿಯನ್ನು ಮದುವೆಯಿಂದ, ನೆಂಟರ ಮನೆಯಿಂದ ದೂರವಿಡುತ್ತಿದ್ದೇವೆ. ಮಸೀದಿಯ ಆಡಳಿತ ಸಮಿತಿಗಳು ಧ್ವನಿವರ್ಧಕದ ಮಟ್ಟವನ್ನು ಪರಿಶೀಲಿಸಲಿ. ಶಾದಿ ಮಹಲ್‌ಗಳು ಒಂದು ಚಿಕ್ಕ ಕೊಠಡಿಯನ್ನು ಸದ್ದಿಲ್ಲದೆ, ಮಂದ ಬೆಳಕಿನಲ್ಲಿ ಇರಿಸಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಆದರೆ ಮನೆಯೊಳಗೇ ಉಳಿದಿರುವ ಒಂದು ಕುಟುಂಬ ಅದರಿಂದ ಮತ್ತೆ ನಮ್ಮ ನಡುವೆ ಬಂದು ಕುಳಿತುಕೊಳ್ಳಬಹುದು.