ಪೈಥಾನ್ ಪ್ರೋಗ್ರಾಮಿನಲ್ಲಿ ಮೆಮೊರಿಯ ಮಿತವ್ಯಯ



ಹತ್ತು ಜನರ ಅಂಕಪಟ್ಟಿಗೆಂದು ನೀವು ಬರೆದ ಪೈಥಾನ್ ಪ್ರೋಗ್ರಾಮು ಸಲೀಸಾಗಿ ಓಡುತ್ತದೆ. ಅದಕ್ಕೇ ಹತ್ತು ಲಕ್ಷ ಜನರ ಅಂಕಗಳನ್ನು ಕೊಟ್ಟರೆ ಕಂಪ್ಯೂಟರ್ ತೆವಳತೊಡಗಬಹುದು, ಕೆಲಸ ಅರ್ಧಕ್ಕೇ ನಿಂತುಹೋಗಲೂಬಹುದು. ಲೆಕ್ಕವೇನೂ ತಪ್ಪಿರುವುದಿಲ್ಲ, ಮೆಮೊರಿ ಸಾಲದೆ ಹೋಗಿರುತ್ತದೆ. ಇರುವ ಮೆಮೊರಿಯನ್ನೇ ಮಿತವಾಗಿ ಬಳಸುವುದು ಹೇಗೆಂದು ಈಗ ನೋಡೋಣ.

ಗೀಡೊ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ ಈ ಭಾಷೆಯಲ್ಲಿ ಪ್ರತಿಯೊಂದು ಸಂಖ್ಯೆಯೂ ಒಂದು ವಸ್ತು, ಅಂದರೆ ಆಬ್ಜೆಕ್ಟ್. ತನ್ನ ಬೆಲೆಯ ಜೊತೆಗೆ ತಾನು ಯಾವ ಬಗೆಯದು, ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ವಿವರಗಳನ್ನೂ ಅದು ಹೊತ್ತಿರುತ್ತದೆ. ಹೀಗಾಗಿ 64 ಬಿಟ್ ಕಂಪ್ಯೂಟರಿನಲ್ಲಿ ಒಂದು ದಶಮಾಂಶ ಸಂಖ್ಯೆಗೆ ಸಾಮಾನ್ಯವಾಗಿ 24 ಬೈಟ್ ಬೇಕು. ಅದನ್ನು ಲಿಸ್ಟಿಗೆ ಸೇರಿಸಿದರೆ ವಿಳಾಸಕ್ಕೆಂದು ಇನ್ನೂ 8 ಬೈಟ್. ಹತ್ತು ಲಕ್ಷ ಬೇರೆ ಬೇರೆ ಸಂಖ್ಯೆಗಳಿಗೆ 3.2 ಕೋಟಿ ಬೈಟ್ ಆಯಿತು. ಅವನ್ನೇ ‘ಅರೇ’ಯಲ್ಲಿಟ್ಟರೆ ಬೆಲೆಗಳು ಮಾತ್ರ ಉಳಿಯುತ್ತವೆ, ಸುಮಾರು 80 ಲಕ್ಷ ಬೈಟ್ ಸಾಕು. ಅಂದರೆ ಕಾಲು ಭಾಗ!

ಇನ್ನು ನೀವೇ ರಚಿಸುವ ಕ್ಲಾಸುಗಳು. ‘ವಿದ್ಯಾರ್ಥಿ’ ಎಂಬ ಕ್ಲಾಸಿನಲ್ಲಿ ಹೆಸರು, ತರಗತಿ, ಅಂಕ ಎಂಬ ಮೂರು ಗುಣಗಳಿವೆ ಎನ್ನಿ. ಪ್ರತಿ ವಸ್ತುವೂ ಇವನ್ನು ಒಂದು ಡಿಕ್ಷನರಿಯಂತೆ ಇಟ್ಟುಕೊಳ್ಳುತ್ತದೆ. ಬೇಕೆಂದಾಗ ಹೊಸ ಗುಣ ಸೇರಿಸುವ ಅನುಕೂಲ ಇದರಿಂದ ದೊರೆಯುತ್ತದೆ. ಅದಕ್ಕೆ ತೆರುವ ಬೆಲೆಯೇ ಮೆಮೊರಿ. 2012ರಲ್ಲಿ ಬಂದ 3.3ನೇ ಆವೃತ್ತಿಯಿಂದ ಒಂದೇ ಕ್ಲಾಸಿನ ವಸ್ತುಗಳು ಗುಣಗಳ ಹೆಸರುಗಳನ್ನು ಹಂಚಿಕೊಳ್ಳುವುದರಿಂದ ಹೊರೆ ತಗ್ಗಿದೆ; ಪೂರ್ತಿ ಇಳಿದಿಲ್ಲ.

ಇದಕ್ಕೆ ಪರಿಹಾರವಾಗಿ 2001ರಲ್ಲಿ, 2.2ನೇ ಆವೃತ್ತಿಯಲ್ಲಿ, ‘ಸ್ಲಾಟ್ಸ್’ ಬಂದಿತು. ಈ ಪದದ ಹಿಂದೆ ಮುಂದೆ ಎರಡೆರಡು ಅಡಿಗೆರೆ ಹಾಕಿ, ಮೂರು ಗುಣಗಳ ಹೆಸರನ್ನು ಕ್ಲಾಸಿನಲ್ಲೇ ಬರೆದರಾಯಿತು. ಆಗ ಡಿಕ್ಷನರಿ ಇರುವುದಿಲ್ಲ. ಅಡುಗೆಮನೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಗೆ ಒಂದು, ಜೀರಿಗೆಗೆ ಒಂದು ಬಟ್ಟಲು ಇರುವಂತೆ, ಪ್ರತಿ ಗುಣಕ್ಕೂ ಗೊತ್ತಾದ ಒಂದು ಜಾಗ ಇರುತ್ತದೆ.

ಆದರೆ ಎರಡು ಎಚ್ಚರಿಕೆಗಳು. ಪಟ್ಟಿಯಲ್ಲಿಲ್ಲದ ಗುಣವನ್ನು ಆಮೇಲೆ ಸೇರಿಸಹೋದರೆ ಪೈಥಾನ್ ಒಪ್ಪುವುದಿಲ್ಲ. ಅಲ್ಲದೆ, ನಿಮ್ಮ ಕ್ಲಾಸು ಇನ್ನೊಂದು ಕ್ಲಾಸಿನಿಂದ ಹುಟ್ಟಿದ್ದು, ಆ ಮೂಲ ಕ್ಲಾಸಿನಲ್ಲಿ ಸ್ಲಾಟ್ಸ್ ಇಲ್ಲದಿದ್ದರೆ, ಡಿಕ್ಷನರಿ ಮತ್ತೆ ಬಂದು ಸೇರುತ್ತದೆ.

ಎಲ್ಲಕ್ಕಿಂತ ಮೊದಲು ಅಳೆದು ನೋಡಿ. ‘ಗೆಟ್‌ಸೈಜ್‌ಆಫ್’ ಒಂದು ವಸ್ತುವಿನ ಗಾತ್ರವನ್ನಷ್ಟೇ ಹೇಳುತ್ತದೆ, ಅದರೊಳಗಿನ ವಸ್ತುಗಳದ್ದನ್ನಲ್ಲ. ಒಟ್ಟು ಬಳಕೆ ತಿಳಿಯಲು ‘ಟ್ರೇಸ್‌ಮ್ಯಾಲಕ್’ ಬಳಸಿರಿ. ಹತ್ತು ವಸ್ತುಗಳಿಗೆ ಈ ಶ್ರಮ ಬೇಡ. ಒಂದು ಲಕ್ಷ ‘ವಿದ್ಯಾರ್ಥಿ’ಗಳನ್ನು ಸ್ಲಾಟ್ಸ್ ಇಲ್ಲದೆ ಒಮ್ಮೆ, ಸ್ಲಾಟ್ಸ್‌ನೊಂದಿಗೆ ಒಮ್ಮೆ ರಚಿಸಿ, ಎರಡೂ ಅಳತೆಗಳನ್ನು ಅಕ್ಕಪಕ್ಕ ಬರೆಯಿರಿ. ಉಳಿತಾಯವೆಷ್ಟೆಂಬುದು ನಿಮಗೇ ತಿಳಿಯುತ್ತದೆ.