ದ್ವೀಪಾಂತರಕ್ಕೆ ಹೋದವರ ಜಾಡು



ಹಳೆಯ ಮನೆತನಗಳಲ್ಲಿ ವಂಶಾವಳಿಯನ್ನು ಹೇಳುವ ಹಿರಿಯರು ಯಾವುದೋ ಒಂದು ಹೆಸರಿನ ಬಳಿಗೆ ಬಂದಾಗ ಮಾತನ್ನು ನಿಲ್ಲಿಸುವುದುಂಟು. ‘ಅವನು ದ್ವೀಪಾಂತರಕ್ಕೆ ಹೋದನು’ ಎಂಬಷ್ಟೇ ಉಳಿದಿರುತ್ತದೆ. ಅವನಿಗೆ ಗದ್ದುಗೆಯಿಲ್ಲ, ಸಮಾಧಿಯಿಲ್ಲ, ವರ್ಷಕ್ಕೊಮ್ಮೆ ನೆನೆಯುವ ದಿನವೂ ಇಲ್ಲ.

ಈ ಶಿಕ್ಷೆಯನ್ನು ಜನರು ಮರಣಕ್ಕಿಂತಲೂ ಘೋರವೆಂದು ಎಣಿಸಿದ್ದರೆಂಬುದಕ್ಕೆ ಸುರಪುರದ ರಾಜಾ ವೆಂಕಟಪ್ಪ ನಾಯಕನ ವೃತ್ತಾಂತವೇ ಸಾಕ್ಷಿ. 1858ರ ಫೆಬ್ರವರಿಯ ಕಾಳಗದ ತರುವಾಯ ಆತನು ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಬಾಲ್ಯದಲ್ಲಿ ಆತನ ಸಂಸ್ಥಾನವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನನ್ನು ಆತನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಟೇಲರನು ಸೆರೆಮನೆಗೆ ಹೋದಾಗ ಆ ತರುಣನು ನೇಣನ್ನು ಬೇಡವೆಂದು, ತೋಪಿನ ಬಾಯಿಗೆ ಕಟ್ಟಿಸಬೇಕೆಂದು ಕೇಳಿದನಂತೆ. ದ್ವೀಪಾಂತರದಲ್ಲಿ ಅತ್ಯಂತ ಹೀನನಾದ ಬೇಡನೂ ಬದುಕಲಾರನು, ಅರಸನು ಹೇಗೆ ಬದುಕಿಯಾನು ಎಂಬುದು ಆತನ ಮಾತಿನ ತಾತ್ಪರ್ಯ. ಮರಣದಂಡನೆಯನ್ನು ರೆಸಿಡೆಂಟನು ಆಜೀವ ದ್ವೀಪಾಂತರಕ್ಕೆ ಇಳಿಸಿದನು. ಗವರ್ನರ್ ಜನರಲನು ಅದನ್ನು ಮದ್ರಾಸಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆಗೆ ತಗ್ಗಿಸಿದನು. ಆದರೆ ದಾರಿಯಲ್ಲಿಯೇ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಆತನು ಅಸು ನೀಗಿದನೆಂದು ಟೇಲರನು ಬರೆದಿದ್ದಾನೆ.

ಇದು ಅರಸನ ಕಥೆಯಾದುದರಿಂದ ಪುಸ್ತಕಕ್ಕೆ ಬಂದಿತು. ಸಾಮಾನ್ಯನ ಕಥೆಯು ದಫ್ತರಗಳಲ್ಲಿ ಚದರಿಬಿದ್ದಿದೆ.

ಸಾದಲಿಯ ಕಡೆಯ ಒಬ್ಬ ಒಕ್ಕಲಿಗನು 1850ರ ಸುಮಾರಿಗೆ ಹೀಗೆ ಹೋದನೆಂದು ಇಟ್ಟುಕೊಳ್ಳೋಣ. ಆಗ ಮೈಸೂರು ಸೀಮೆಯು ಆಂಗ್ಲೇಯ ಕಮಿಷನರ ಕೈಕೆಳಗಿತ್ತು. ಅದು 1831ರಿಂದ 1881ರ ವರೆಗಿನ ಕಾಲ. ಮೊಮ್ಮಕ್ಕಳು ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ನ್ಯಾಯ ಇಲಾಖೆಯ ಕಾಗದಗಳನ್ನು ನೋಡತಕ್ಕದ್ದು. ಬಳಿಕ ಚೆನ್ನೈಯ ಎಗ್ಮೋರಿನ ಪತ್ರಾಗಾರ, ಲಂಡನ್ನಿನಲ್ಲಿರುವ ಕುಂಪಣಿಯ ದಫ್ತರ, ಕೊನೆಗೆ ಸಿಂಗಾಪುರ. ಅಪರಾಧಿಗಳ ಪಟ್ಟಿಗಳಲ್ಲಿ ಹೆಸರು, ತಂದೆಯ ಹೆಸರು, ಜಾತಿ, ವಯಸ್ಸು, ಎತ್ತರ, ಮೈಮೇಲಿನ ಗುರುತು, ಶಿಕ್ಷೆ ಇವುಗಳನ್ನು ಬರೆಯುವ ವಾಡಿಕೆಯಿತ್ತು. ಹೆಸರೊಂದನ್ನೇ ನಂಬಿ ಹುಡುಕುವವನು ಸೋಲುವನು. ಬಸವಯ್ಯನು ಆಂಗ್ಲೇಯ ಗುಮಾಸ್ತನ ಲೇಖಣಿಯಲ್ಲಿ ಏನಾದರೂ ಆಗಬಹುದು. ಆದುದರಿಂದ ತಂದೆಯ ಹೆಸರು, ಊರು, ಮಚ್ಚೆ ಈ ಮೂರನ್ನೂ ತಾಳೆ ನೋಡತಕ್ಕದ್ದು. ಮನೆಯವರು ಮರೆಯಬೇಕೆಂದಿದ್ದವನ ಎಡಗೆನ್ನೆಯ ಮಚ್ಚೆಯನ್ನು ಸರ್ಕಾರವು ಬರೆದಿಟ್ಟುಕೊಂಡಿರುವುದು ವಿಚಿತ್ರವೇ ಸರಿ.

ಗುರುತುಗಳಲ್ಲಿ ಒಂದು ಮಾತ್ರ ಸರ್ಕಾರವೇ ಹಾಕಿದುದು. ಆಜೀವ ಶಿಕ್ಷೆಯವರ ಹಣೆಯ ಮೇಲೆ ಅಪರಾಧವನ್ನು ಹಚ್ಚೆಯಾಗಿ ಚುಚ್ಚುವ ಪದ್ಧತಿಯಿದ್ದಿತು. 1849ರಲ್ಲಿ ಅದನ್ನು ನಿಲ್ಲಿಸಿದರು. ವಿಭೂತಿಯನ್ನು ಧರಿಸುವ ಸ್ಥಾನದಲ್ಲಿ ಈ ಅಕ್ಷರಗಳನ್ನು ಹೊತ್ತವನು ಶಿಕ್ಷೆ ಮುಗಿದರೂ ಯಾವ ಮುಖದಿಂದ ಊರಿಗೆ ಬರಬೇಕು? ಪಿನಾಂಗ್, ಮಾರಿಷಸ್, ಬರ್ಮಾಗಳಿಗೆ ಹೋದವರಲ್ಲಿ ಅನೇಕರು ಮರಳಲಿಲ್ಲವೆಂಬುದಕ್ಕೆ ಹಡಗಿನ ಭಯವೊಂದೇ ಕಾರಣವೆಂದು ಹೇಳಲಾಗದು.

ಸಿಂಗಾಪುರಕ್ಕೆ ಭಾರತದ ಬಂದಿಗಳು ಮೊದಲು ಬಂದುದು 1825ರಲ್ಲಿ, ಬೆಂಕೂಲನ್ನಿನಿಂದ. ರಸ್ತೆಗಳು, ಸೇತುವೆಗಳು, ಸರ್ಕಾರಿ ಕಟ್ಟಡಗಳು ಇವರ ಕೈಯ ಕೆಲಸ. ಅವರ ಮೇಲ್ವಿಚಾರಕನಾಗಿದ್ದ ಮೆಕ್‌ನೇರನು 1899ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಬಂದಿಗಳಲ್ಲಿಯೇ ಕೆಲವರನ್ನು ಕಾವಲುಗಾರರನ್ನಾಗಿ ನೇಮಿಸುತ್ತಿದ್ದ ಕ್ರಮವನ್ನು ವಿವರಿಸಿರುವನು. 1862ರಲ್ಲಿ ಪ್ರತಿಷ್ಠೆಯಾದ ಅಲ್ಲಿಯ ಸಂತ ಆಂಡ್ರೂ ದೇವಾಲಯವನ್ನು ಕಟ್ಟಿದವರೂ ಇವರೇ. ಗೋಡೆಯ ಗಾರೆಗೆ ಸುಣ್ಣ, ಮೊಟ್ಟೆಯ ಬಿಳಿ, ಒರಟು ಸಕ್ಕರೆ ಇವುಗಳನ್ನು ಅರೆದು, ತೆಂಗಿನ ಸಿಪ್ಪೆಯನ್ನು ನೆನೆಹಾಕಿದ ನೀರಿನಿಂದ ಹದಗೊಳಿಸಿದರು. ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ಹೊಳಪಿಟ್ಟರು. ಮದ್ರಾಸಿನ ಕಡೆಯ ಈ ಗಾರೆ ಕೆಲಸವು ಕಡಲಾಚೆ ಹೋದುದು ಹೀಗೆ.

1858ರ ಮಾರ್ಚ್ 10ರಂದು ಇನ್ನೂರು ಬಂದಿಗಳೊಡನೆ ಅಂಡಮಾನಿನ ವಸಾಹತು ಪ್ರಾರಂಭವಾಯಿತು. 1873ರಲ್ಲಿ ಸಿಂಗಾಪುರದ ಬಂದಿಖಾನೆಯನ್ನು ಮುಚ್ಚಿ, ಉಳಿದ ಬಂದಿಗಳನ್ನು ಅಲ್ಲಿಗೆ ಸಾಗಿಸಿದರು. ಶಿಕ್ಷೆಯಲ್ಲಿ ವಿನಾಯಿತಿ ಪಡೆದು ಅದಾಗಲೇ ಹೊರಬಂದಿದ್ದ ಕೆಲವರು ಸಿಂಗಾಪುರದಲ್ಲಿಯೇ ಹಾಲು ಮಾರಿಯೋ ಗಾಡಿ ಹೊಡೆದೋ ಸಂಸಾರ ಹೂಡಿಕೊಂಡರು. ಭಾರತದ ದಂಡಸಂಹಿತೆಯಿಂದ ದ್ವೀಪಾಂತರವೆಂಬ ಶಬ್ದವನ್ನು ತೆಗೆದು ‘ಆಜೀವ ಕಾರಾವಾಸ’ವೆಂದು ತಿದ್ದಿದುದು 1955ರ ಕಾಯಿದೆಯಿಂದ. ಇಲ್ಲಿಯ ವಂಶಾವಳಿಯಲ್ಲಿ ಹೆಸರು ನಿಂತುಹೋದವನ ಮಕ್ಕಳ ಮಕ್ಕಳು ಅಲ್ಲಿ ಬೇರೊಂದು ಭಾಷೆಯನ್ನಾಡುತ್ತ ಬಾಳುತ್ತಿರಬಹುದು.