ಉಸಿರು ಕಸಿಯುವ ಆಟ, ತಿರುಗಲು ಬಿಡದ ಆಟ



ತುಮಕೂರಿನಿಂದ ಗುಬ್ಬಿಗೆ ಹೊರಟ ಸಂಜೆ ಬಸ್ಸೊಂದರಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಹೈಸ್ಕೂಲು ಹುಡುಗಿಯರು ಕೂತಿದ್ದರು. ಕ್ರೀಡಾಕೂಟ ಮುಗಿಸಿ ಊರಿಗೆ ಮರಳುತ್ತಿದ್ದರು. ಒಬ್ಬಳ ಮೊಣಕಾಲಿಗೆ ಬ್ಯಾಂಡೇಜು. ಇನ್ನೊಬ್ಬಳ ಎರಡೂ ಅಂಗೈ ತರಚಿ ಕೆಂಪಾಗಿದ್ದವು. ಮೊದಲನೆಯವಳು ಕಬಡ್ಡಿ ತಂಡದವಳು, ಎರಡನೆಯವಳು ಖೋ-ಖೋ.

"ನಿಮ್ದೇನೇ, ಕೂರೋದು, ಏಳೋದು, ಓಡೋದು. ನಮ್ಮ ಮೇಲೆ ನಾಲ್ಕು ಜನ ಒಟ್ಟಿಗೆ ಬೀಳ್ತಾರೆ."

"ಬೀಳೋದು ಯಾರಿಗೆ ಬರಲ್ಲ? ನಮ್ಮ ಥರ ತಪ್ಪಿಸ್ಕೊಂಡು ಓಡು ನೋಡೋಣ."

ಹೆಗ್ಗೆರೆ ಹೋಯಿತು, ಮಲ್ಲಸಂದ್ರ ಹೋಯಿತು, ಗುಬ್ಬಿ ಬಂತು, ವಾದ ಮುಗಿಯಲಿಲ್ಲ. ಇಬ್ಬರೂ ಒಂದೇ ಬ್ಯಾಗಿನ ಎರಡು ಹಿಡಿ ಹಿಡಿದುಕೊಂಡು, ಜಗಳವಾಡುತ್ತಲೇ ಇಳಿದರು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಉಳಿಯಿತು. ಯಾವ ಆಟ ಗಟ್ಟಿಯವರದು? ಯಾವುದರಲ್ಲಿ ಚಾತುರ್ಯ ಹೆಚ್ಚು? ಇವತ್ತಿನ ಮಾತು ಅದರ ಬಗ್ಗೆ.

ಇಂಥದೇ ಜಗಳ ಕಡಲಾಚೆಯೂ ಉಂಟು. ಅಲ್ಲಿ ಜೋಡಿ ಬೇರೆ, ರಗ್ಬಿ ಲೀಗ್ ಮತ್ತು ಅಮೆರಿಕನ್ ಫುಟ್‌ಬಾಲ್. ಎರಡರಲ್ಲೂ ಮೊಟ್ಟೆಯಾಕಾರದ ಚೆಂಡು. ಎರಡರಲ್ಲೂ ಚೆಂಡು ಹಿಡಿದು ಓಡುವವನನ್ನು ಅಪ್ಪಿ ನೆಲಕ್ಕೆ ಕೆಡವಬೇಕು. ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಾಷೈರ್ ಸೀಮೆಯ ಗಣಿ ಕೆಲಸಗಾರರು, ಗಿರಣಿ ಕೆಲಸಗಾರರು ರಗ್ಬಿ ಆಡಲು ಹೋದರೆ ಕೂಲಿ ಕಳೆದುಕೊಳ್ಳುತ್ತಿದ್ದರು. ಆ ಕೂಲಿ ತುಂಬಿಕೊಡಲು ಅವಕಾಶ ಕೊಡಿ ಎಂದು ಅವರ ಕ್ಲಬ್ಬುಗಳು ಕೇಳಿದವು. ಆಟದ ಯಜಮಾನರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಆ ಕ್ಲಬ್ಬುಗಳು ಬೇರೆಯಾದವು. ರಗ್ಬಿ ಲೀಗ್ ಹುಟ್ಟಿದ್ದು ಹಾಗೆ, ದುಡಿಯುವವರ ಆಟವಾಗಿ.

ಅದರಲ್ಲಿ ತಂಡಕ್ಕೆ 13 ಜನ, ಆಟ 80 ನಿಮಿಷ. ಚೆಂಡನ್ನು ಕೈಯಿಂದ ಹಿಂದಕ್ಕೆ ಅಥವಾ ಪಕ್ಕಕ್ಕೆ ಕೊಡಬಹುದೇ ಹೊರತು ಮುಂದಕ್ಕೆ ಎಸೆಯುವಂತಿಲ್ಲ. ಕೆಡವಿಸಿಕೊಂಡವನು ತಕ್ಷಣ ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಬೇಕು, ಆಟ ಮುಂದುವರಿಯುತ್ತದೆ. ಕೆಡವಿದ ತಂಡದ ಬಹುತೇಕರು ಹತ್ತು ಮೀಟರ್ ಹಿಂದಕ್ಕೆ ಓಡಿ, ಮತ್ತೆ ಮುಂದಕ್ಕೆ ನುಗ್ಗಿ, ಮತ್ತೆ ಕೆಡವಬೇಕು. ಹೀಗೆ ಆರು ಸಲ ಕೆಡವಿದರೆ ಚೆಂಡು ಎದುರಾಳಿಗೆ. ಕೂತು ಸುಧಾರಿಸಿಕೊಳ್ಳಲು ಪುರಸೊತ್ತೇ ಇಲ್ಲ.

ಅಮೆರಿಕದ ಆಟದಲ್ಲಿ ತಂಡಕ್ಕೆ 11 ಜನ, ಗಡಿಯಾರದ ಲೆಕ್ಕಕ್ಕೆ 60 ನಿಮಿಷ. ಆದರೆ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ ಮಾತ್ರ. ನಾಲ್ಕೈದು ಸೆಕೆಂಡಿನ ಸ್ಫೋಟ, ಆಮೇಲೆ ವಿರಾಮ, ಸಮಾಲೋಚನೆ, ಮತ್ತೆ ಸ್ಫೋಟ. ದಾಳಿಗೆ ಒಂದು ತಂಡ, ರಕ್ಷಣೆಗೆ ಇನ್ನೊಂದು, ಒದೆಯುವುದಕ್ಕೇ ಬೇರೆ ಆಳು. ಮುಂದಿನ ಸಾಲಿನಲ್ಲಿ ನಿಲ್ಲುವವರಲ್ಲಿ ಅನೇಕರು 135 ಕಿಲೋ ದಾಟಿದವರು. ಮೈತುಂಬ ಪ್ಯಾಡು, ತಲೆಗೆ ಹೆಲ್ಮೆಟ್ಟು.

ಈ ವ್ಯತ್ಯಾಸಕ್ಕೆ ನಮ್ಮ ಕಡೆಯದೇ ಒಂದು ಹೋಲಿಕೆ ಉಂಟು. ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರಿಗೆ ಹಳ್ಳಿಕಾರ್ ಜೋಡಿ ಗೊತ್ತು. ಅದೇ ಎತ್ತು ಬೆಳಿಗ್ಗೆ ಉಳುತ್ತದೆ, ಮಧ್ಯಾಹ್ನ ಗೊಬ್ಬರದ ಗಾಡಿ ಎಳೆಯುತ್ತದೆ, ಸಂಜೆ ಮನೆಯವರನ್ನು ಕೂರಿಸಿಕೊಂಡು ಓಡುತ್ತದೆ. ಕುಣಿಗಲ್ ಸ್ಟಡ್ ಫಾರ್ಮಿನ ಕುದುರೆಯ ರೀತಿಯೇ ಬೇರೆ. ತಲೆಮಾರುಗಳಿಂದ ಅದರ ಎಲುಬು, ಶ್ವಾಸಕೋಶ, ತೊಡೆ ಎಲ್ಲವನ್ನೂ ಒಂದೇ ಕೆಲಸಕ್ಕೆ, ರೇಸಿನ ಆ ಒಂದೆರಡು ನಿಮಿಷಕ್ಕೆ ತಿದ್ದಿದ್ದಾರೆ. ರಗ್ಬಿ ಲೀಗ್ ಆಟಗಾರ ಹಳ್ಳಿಕಾರ್ ಎತ್ತು, ಅಮೆರಿಕನ್ ಫುಟ್‌ಬಾಲ್ ಆಟಗಾರ ಕುಣಿಗಲ್ ಕುದುರೆ. ಯಾವುದು ಹೆಚ್ಚು ಅಂತ ಕೇಳಿದರೆ, ಯಾವ ಕೆಲಸಕ್ಕೆ ಅಂತ ನಾವು ತಿರುಗಿ ಕೇಳಬೇಕಾಗುತ್ತದೆ.

ಜೋರ್ಡನ್ ಮೈಲಾಟಾ ಎಂಬ ಆಟಗಾರನಿದ್ದಾನೆ. ಸಿಡ್ನಿಯಲ್ಲಿ ರಗ್ಬಿ ಲೀಗ್ ಆಡಿ ಬೆಳೆದವನು, ಎರಡು ಮೀಟರ್ ಮೀರಿದ ಎತ್ತರ. 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವನನ್ನು ಆರಿಸಿಕೊಂಡಾಗ ಅವನು ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಚೆಂಡು ಹಿಡಿದು ಓಡಿ ರೂಢಿಯಿದ್ದವನಿಗೆ ಚೆಂಡು ಮುಟ್ಟದೆ, ತನ್ನ ನಾಯಕನ ಮುಂದೆ ಗೋಡೆಯಾಗಿ ನಿಲ್ಲುವುದನ್ನು ಕಲಿಸಿದರು. ಪಾದ ಎಲ್ಲಿಡಬೇಕು, ಕೈ ಯಾವಾಗ ಚಾಚಬೇಕು ಎಂಬುದನ್ನೇ ವರ್ಷಗಟ್ಟಲೆ ಕಲಿತ. 2025ರ ಫೆಬ್ರವರಿಯಲ್ಲಿ ಆ ತಂಡ ಅಲ್ಲಿನ ಲೀಗಿನ ಫೈನಲಾದ ಸೂಪರ್ ಬೌಲ್ ಗೆದ್ದಾಗ ಅವನು ಆ ಗೋಡೆಯಲ್ಲಿದ್ದ. ಮೈಕಟ್ಟು ಮೊದಲಿನಿಂದಲೂ ಇತ್ತು, ಚಾತುರ್ಯವನ್ನು ಬುಡದಿಂದ ಕಟ್ಟಿಕೊಳ್ಳಬೇಕಾಯಿತು.

ಇದರಿಂದ ನನಗೆ ಹೊಳೆದದ್ದು ಇಷ್ಟು: ಪ್ರತಿ ಆಟವೂ ಆಟಗಾರನಿಂದ ಏನೋ ಒಂದನ್ನು ಕಸಿದುಕೊಳ್ಳುತ್ತದೆ. ರಗ್ಬಿ ಲೀಗ್ ವಿಶ್ರಾಂತಿಯನ್ನೂ, ಮುಂದಕ್ಕೆ ಎಸೆಯುವ ಹಕ್ಕನ್ನೂ ಕಸಿಯುತ್ತದೆ. ಅಮೆರಿಕನ್ ಫುಟ್‌ಬಾಲ್ ಸ್ವಂತ ಇಚ್ಛೆಯನ್ನು ಕಸಿಯುತ್ತದೆ, ಹೇಳಿದ ಜಾಗದಲ್ಲಿ ಹೇಳಿದ ಕೆಲಸ ಮಾಡಬೇಕು. ಏನನ್ನು ಕಸಿಯಿತು ಅಂತ ನೋಡಿದರೆ ಗಟ್ಟಿತನ ಎಲ್ಲಿ ಬೇಕು, ಚಾತುರ್ಯ ಎಲ್ಲಿಂದ ಹುಟ್ಟಿತು ಎರಡೂ ಕಾಣುತ್ತವೆ. ಈ ಅಳತೆಗೋಲು ಹಿಡಿದುಕೊಂಡು ಬಸ್ಸಿನ ಹುಡುಗಿಯರ ಹತ್ತಿರ ಹೋಗೋಣ.

ಕಬಡ್ಡಿ ಕಸಿಯುವುದು ಉಸಿರನ್ನು. ರೈಡಿಗೆ ಹೋದವನು ಒಂದೇ ಉಸಿರಿನಲ್ಲಿ, ಅಂಪೈರಿಗೆ ಕೇಳುವ ಹಾಗೆ "ಕಬಡ್ಡಿ ಕಬಡ್ಡಿ" ಅನ್ನುತ್ತಿರಬೇಕು. ಅಂದರೆ ಉಸಿರು ಹೊರಗೆ ಹೋಗುತ್ತಲೇ ಇರಬೇಕು, ಒಳಗೆ ಎಳೆದುಕೊಳ್ಳುವಂತಿಲ್ಲ. ಈಗಿನ ಆಟದಲ್ಲಿ ರೈಡಿಗೆ 30 ಸೆಕೆಂಡು. ದೇಹಕ್ಕೆ ಗಾಳಿ ಬಹಳವಾಗಿ ಬೇಕಾದ ಹೊತ್ತಿನಲ್ಲೇ ಅದನ್ನು ತಡೆದು, ಏಳು ಜನರ ನಡುವೆ ಹೋಗಿ ಬರಬೇಕು. ಗುಬ್ಬಿಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೈಕು ಇಲ್ಲದ ಕಾಲದಲ್ಲಿ ಗುಬ್ಬಿ ನಾಟಕ ಕಂಪನಿಯ ನಟರು ಕೊನೆಯ ಸಾಲಿನವನಿಗೂ ಕೇಳುವ ಹಾಗೆ ಹಾಡಿ, ಅದೇ ಉಸಿರಿನಲ್ಲಿ ಕತ್ತಿ ತಿರುಗಿಸುತ್ತಿದ್ದ ಊರು ಅದು. ದಮ್ಮು ಕಟ್ಟುವುದು ಒಂದು ವಿದ್ಯೆ ಅನ್ನುವುದು ಆ ಊರಿನ ಮಣ್ಣಿಗೇ ಗೊತ್ತು.

ಇನ್ನು ಹಿಡಿಯುವವರನ್ನು ನೋಡಿ. ಎಡ ಮೂಲೆಯಲ್ಲಿ ನಿಂತವಳು ರೈಡರಿನ ಮುಖ ನೋಡುವುದಿಲ್ಲ, ಸೊಂಟ ನೋಡುತ್ತಾಳೆ. ಕಣ್ಣು ಮೋಸ ಮಾಡಬಹುದು, ಭುಜ ಮೋಸ ಮಾಡಬಹುದು, ಸೊಂಟ ಹೊರಟ ಕಡೆಗೇ ಮೈ ಹೊರಡಬೇಕು. ರೈಡರು ಬೆರಳು ತಾಗಿಸಲು ಕಾಲು ಚಾಚುತ್ತಾಳೆ. ಆ ಕ್ಷಣ ಅವಳ ಇಡೀ ಭಾರ ಹಿಂದಿನ ಕಾಲಿನ ಮೇಲಿದೆ, ಮುಂದಿನ ಕಾಲು ಗಾಳಿಯಲ್ಲಿದೆ. ಮೂಲೆಯವಳು ಕುಕ್ಕರಿಸಿದ ಹಾಗೆ ಬಗ್ಗಿ ಎರಡೂ ಕೈಯಲ್ಲಿ ಆ ಪಾದದ ಗಂಟು ಹಿಡಿದು ಮೇಲಕ್ಕೆತ್ತುತ್ತಾಳೆ. ಒಂಟಿ ಕಾಲಿನವಳಿಗೆ ಹಾರಿ ಓಡಲು ನೆಲವೇ ಇಲ್ಲ. ಅಷ್ಟರಲ್ಲಿ ಪಕ್ಕದ ಜೋಡಿ ಕೈಕೈ ಬೆಸೆದು ಚೈನು ಹಾಕಿ ಸೊಂಟಕ್ಕೆ ಬರುತ್ತದೆ. ಕಣ್ಣು ಮಿಟುಕಿಸುವಷ್ಟು ಮುಂಚೆ ಕೈ ಹಾಕಿದರೆ ಕಾಲು ಸಿಗುವುದಿಲ್ಲ, ಅಷ್ಟೇ ತಡವಾದರೆ ಮುಟ್ಟಿಸಿಕೊಂಡು ಔಟ್. ನಲವತ್ತೈದು ಕಿಲೋದವಳು ಅರವತ್ತು ಕಿಲೋದವಳನ್ನು ಕೆಡವುವುದು ಹೀಗೆ. ನಾಲ್ಕು ಜನ ಮೇಲೆ ಬೀಳುವುದು ಆಮೇಲಿನ ಮಾತು. ಅದಕ್ಕೆ ಮೊದಲು ಒಬ್ಬಳು ಸರಿಯಾದ ಗಳಿಗೆ ಕಂಡಿರುತ್ತಾಳೆ.

1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿ ಸೇರಿದ ಮೇಲೆ ಭಾರತದ ಪುರುಷರು 2014ರವರೆಗೆ ಪ್ರತಿ ಸಲವೂ ಚಿನ್ನ ತಂದರು. 2018ರಲ್ಲಿ ಜಕಾರ್ತದಲ್ಲಿ ಇರಾನ್ ಅವರನ್ನು ಸೆಮಿಫೈನಲಿನಲ್ಲಿ ಸೋಲಿಸಿತು, ಫೈನಲಿನಲ್ಲಿ ನಮ್ಮ ಮಹಿಳೆಯರನ್ನೂ. ಇರಾನ್ ಕುಸ್ತಿಯ ನಾಡು. ಗರಡಿಯ ಹಿಡಿತ ಕಬಡ್ಡಿ ಅಂಕಣಕ್ಕೆ ಬಂದಾಗ ಏನಾಗುತ್ತದೆ ಅನ್ನುವುದು ಅಲ್ಲಿ ಕಂಡಿತು. ಗರಡಿ ಮನೆಗಳು ನಮ್ಮಲ್ಲೂ ಇದ್ದವು, ಇವೆ. ಅಲ್ಲಿನ ಪಟ್ಟುಗಳು ನಮ್ಮ ಶಾಲೆಯ ಅಂಕಣಗಳಿಗೆ ಇಳಿದು ಬರಬೇಕು ಅಂತ ನನ್ನ ಆಸೆ.

ಖೋ-ಖೋಗೆ ಬರೋಣ. ಅದು ಉಸಿರು ಬಿಡುತ್ತದೆ, ತಿರುಗುವುದಕ್ಕೆ ಬಿಡುವುದಿಲ್ಲ. ಎರಡು ಕಂಬಗಳ ನಡುವಿನ ಸಾಲಿನಲ್ಲಿ ಎಂಟು ಜನ ಕೂತಿರುತ್ತಾರೆ, ಒಬ್ಬರು ಈ ಕಡೆಗೆ ಮುಖ, ಪಕ್ಕದವರು ಆ ಕಡೆಗೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ಒಮ್ಮೆ ಒಂದು ದಿಕ್ಕಿಗೆ ಭುಜ ತಿರುಗಿತೋ, ಕಂಬ ಮುಟ್ಟುವವರೆಗೆ ವಾಪಸು ಬರುವಂತಿಲ್ಲ. ಕೂತವರ ಮಧ್ಯೆ ಸಾಲು ದಾಟುವಂತಿಲ್ಲ. ತಪ್ಪಿಸಿಕೊಳ್ಳುವ ರನ್ನರಿಗೆ ಮಾತ್ರ ಈ ಕಟ್ಟುಪಾಡುಗಳಿಲ್ಲ, ಅವಳು ಅಂಕಣದೊಳಗೆ ಎಲ್ಲಿ ಬೇಕಾದರೂ ನುಸುಳುತ್ತಾಳೆ. ಕೈಕಾಲು ಕಟ್ಟಿಸಿಕೊಂಡವರು ಬಿಡಾಡಿಯನ್ನು ಹಿಡಿಯಬೇಕು. ಹಿಡಿಯುವ ಮುಖ್ಯ ದಾರಿ, ಕೂತವಳ ಬೆನ್ನು ಮುಟ್ಟಿ "ಖೋ" ಅನ್ನುವುದು, ತನ್ನ ಓಟವನ್ನು ಅವಳಿಗೆ ಕೊಟ್ಟುಬಿಡುವುದು.

ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದರಲ್ಲೇ ಈ ಆಟದ ಜೀವ ಇದೆ. ರನ್ನರ್ ಯಾವ ಕಡೆ ಜಾರುತ್ತಾಳೆ ಎಂದು ಊಹಿಸಿ, ಆ ಕಡೆಗೆ ಮುಖ ಮಾಡಿ ಕೂತವಳಿಗೇ ಖೋ ಬೀಳಬೇಕು. ಕೂತವಳು ಸುಮ್ಮನೆ ಕೂತಿಲ್ಲ, ಪಾದದ ಮುಂಭಾಗದ ಮೇಲೆ ಭಾರ ಹಾಕಿ, ಕತ್ತು ಓರೆ ಮಾಡಿ ಹಿಂದಿನ ಓಟವನ್ನು ಕಿವಿಯಲ್ಲೇ ಅಳೆಯುತ್ತಿರುತ್ತಾಳೆ. ಬೆನ್ನಿಗೆ ಕೈ ತಾಗಿದ ಮರುಗಳಿಗೆ ಅವಳು ಪೂರ್ತಿ ವೇಗದಲ್ಲಿರಬೇಕು. ಕಂಬದ ಹತ್ತಿರವಂತೂ ನೋಡಿಯೇ ತೀರಬೇಕು. ರನ್ನರ್ ಕಂಬ ಸುತ್ತಿ ತಪ್ಪಿಸಿಕೊಳ್ಳುತ್ತಾಳೆ, ಚೇಸರ್ ಒಂದು ಕೈಯಲ್ಲಿ ಕಂಬ ತಬ್ಬಿ, ಮೈಯನ್ನು ನೆಲಕ್ಕೆ ಸಮವಾಗಿ ಎಸೆದು, ಇನ್ನೊಂದು ಕೈಯಿಂದ ಹಿಮ್ಮಡಿ ಮುಟ್ಟುತ್ತಾಳೆ. ಎದೆ, ಅಂಗೈ, ಮೊಣಕೈ ನೆಲಕ್ಕೆ ಉಜ್ಜುತ್ತವೆ. ಆ ಬಸ್ಸಿನ ಹುಡುಗಿಯ ಅಂಗೈ ಕೆಂಪಾದದ್ದು ಅಲ್ಲಿಯೇ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋದ ಮೊದಲ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ, ಪುರುಷರು ಅದೇ ದೇಶವನ್ನು 54-36ರಿಂದ ಸೋಲಿಸಿದರು. ಆ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಶಾಲೆಯ ಮೈದಾನಕ್ಕೆ ಎರಡು ಕಂಬ ನೆಟ್ಟರೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ನಾನು ಮಕ್ಕಳಿಗೆ ಹೇಳುವ ಹೆಸರು ಅದು.

ನೀನು ಯಾವ ಕಡೆ ಅಂತ ಕೇಳಿದರೆ ಹೇಳಿಬಿಡುತ್ತೇನೆ. ಎದೆಗಾರಿಕೆ ಕಬಡ್ಡಿಗೆ ಒಂದು ತೂಕ ಹೆಚ್ಚು ಬೇಕು, ಎದುರಿಗೆ ಏಳು ಜನ ಕಾಯುತ್ತಿರುವ ಅಂಗಳಕ್ಕೆ ಒಬ್ಬಳೇ ಹೋಗುವುದು ಸುಲಭದ ಮಾತಲ್ಲ. ಚಾತುರ್ಯ ಖೋ-ಖೋಗೆ ಒಂದು ತೂಕ ಹೆಚ್ಚು, ಅಲ್ಲಿ ನಿರ್ಧಾರಗಳು ಕಬಡ್ಡಿಗಿಂತ ದಟ್ಟವಾಗಿ ಬರುತ್ತವೆ. ಮೈಗೆ ಮೈ ತಾಗುವುದಿಲ್ಲ ಅಂತ ಅದನ್ನು ಮೆದು ಆಟ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಗಟ್ಟಿತನದ ಬಗ್ಗೆ ಒಂದು ಮಾತು ಮನಸ್ಸು ಬಿಚ್ಚಿ ಹೇಳಬೇಕು. 1905ರ ಒಂದೇ ಋತುವಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತ ಹತ್ತಾರು ಹುಡುಗರು ಸತ್ತರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿದರು, ಮರುವರ್ಷ ನಿಯಮಗಳು ಬದಲಾದವು, ಮುಂದಕ್ಕೆ ಎಸೆಯುವ ಪಾಸು ಬಂತು. ಆಮೇಲೆ ಹೆಲ್ಮೆಟ್ಟೂ ಕಡ್ಡಾಯವಾಯಿತು. ತಲೆಬುರುಡೆ ಉಳಿಯಿತು, ಒಳಗಿನ ಮಿದುಳು ಅಲುಗಾಡುವುದು ನಿಲ್ಲಲಿಲ್ಲ. 2002ರಲ್ಲಿ ತೀರಿಕೊಂಡ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಆಟಗಾರನ ಮಿದುಳನ್ನು ಪಿಟ್ಸ್‌ಬರ್ಗಿನ ವೈದ್ಯ ಬೆನೆಟ್ ಒಮಾಲು ಪರೀಕ್ಷಿಸಿದಾಗ, ವರ್ಷಾನುಗಟ್ಟಲೆ ಬಿದ್ದ ಪೆಟ್ಟುಗಳು ಅಲ್ಲಿ ಕಾಯಿಲೆಯಾಗಿ ಕೂತಿದ್ದವು.

ನನಗೆ ಹದಿನಾಲ್ಕು ವರ್ಷವಿದ್ದಾಗ ಕಬಡ್ಡಿಯಲ್ಲಿ ಜೊತೆಯವನ ಮೊಣಕಾಲು ನನ್ನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಕಣ್ಣು ಕತ್ತಲಾಯಿತು. ಮುಖಕ್ಕೆ ನೀರು ಎರಚಿ, "ಗಂಡಸಾಗು, ಏಳು" ಅಂದರು. ಎದ್ದೆ, ಇನ್ನೆರಡು ರೈಡು ಹೋದೆ, ಚಪ್ಪಾಳೆ ಬಿತ್ತು. ರಾತ್ರಿ ಮೂರು ಸಲ ವಾಂತಿಯಾಯಿತು, ಅವ್ವ ಬೆಳಗಿನವರೆಗೆ ತಲೆ ಹಿಡಿದು ಕೂತಿದ್ದಳು. ಇವತ್ತು ತಂಡ ಕಟ್ಟುತ್ತಿರುವ ಮೇಷ್ಟ್ರುಗಳಲ್ಲಿ, ತಾಯಿತಂದೆಯರಲ್ಲಿ ನನ್ನ ಬೇಡಿಕೆ ಇಷ್ಟೇ: ತಲೆಗೆ ಪೆಟ್ಟು ಬಿದ್ದ ಮಗು ಆ ದಿನ ಮತ್ತೆ ಅಂಕಣಕ್ಕೆ ಇಳಿಯಬಾರದು, ಮೊದಲು ಡಾಕ್ಟರಿಗೆ ತೋರಿಸಬೇಕು. ಮ್ಯಾಟು ಇಲ್ಲದಿದ್ದರೆ ಹಿಂದಿನ ಸಂಜೆಯೇ ಮಣ್ಣು ಅಗೆದು, ಕಲ್ಲು ಆರಿಸಿ, ನೀರು ಚಿಮುಕಿಸಿಡಿ. ಖೋ-ಖೋ ಕಂಬಕ್ಕೆ ಕೈಯಾಡಿಸಿ ನೋಡಿ, ಸಿಬಿರು ಇದ್ದರೆ ಉಜ್ಜಿ ನುಣುಪು ಮಾಡಿ.

ಆ ಇಬ್ಬರು ಹುಡುಗಿಯರು ಮತ್ತೆ ಸಿಕ್ಕರೆ ಒಂದು ಸಂಜೆಗೆ ಆಟ ಬದಲಾಯಿಸಿಕೊಳ್ಳಿ ಅನ್ನಬೇಕು ಅಂತಿದ್ದೇನೆ. ಬ್ಯಾಂಡೇಜು ಬಿಚ್ಚಿದ ಮೇಲೆ ಕಬಡ್ಡಿಯವಳು ಸಾಲಿನ ನಾಲ್ಕನೇ ಚೌಕದಲ್ಲಿ ಬೆನ್ನು ಕೊಟ್ಟು ಕೂರಲಿ, ಯಾವ ಗಳಿಗೆಯಲ್ಲಿ ಖೋ ಬೀಳುತ್ತದೋ ಗೊತ್ತಿಲ್ಲದೆ. ಖೋ-ಖೋದವಳು ನಡುಗೆರೆಯ ಮೇಲೆ ನಿಂತು, ಎದುರಿಗಿನ ಏಳು ಜೊತೆ ಕಣ್ಣು ನೋಡಿ, ಎದೆ ತುಂಬ ಗಾಳಿ ಎಳೆದುಕೊಂಡು, ಮೊದಲ "ಕಬಡ್ಡಿ" ಬಾಯಿಗೆ ತಂದುಕೊಳ್ಳಲಿ.